ಎರಡು ಸೀಟಿ

ಉಸಿರು ಪುಕ್ಕಟೆ ಸಿಗುವ ಸರಕು. ಪುಕ್ಕಟೆ ಸರಕನ್ನು ಗಿರಾಕಿಯ ಕೈಗೆ ದಾಟಿಸುವುದು ಎಷ್ಟು ಕಷ್ಟವೆಂದು ಅಂಗಡಿ ಇಟ್ಟವರಿಗೆಲ್ಲ ಗೊತ್ತು. ಅದರಲ್ಲೂ ಗಿರಾಕಿಗೆ ಆರೋ ಏಳೋ ವರ್ಷವಾಗಿದ್ದರೆ ಕೇಳುವುದೇ ಬೇಡ. ಕಣ್ಣು ಮುಚ್ಚಿ ನಿನ್ನ ಉಸಿರನ್ನು ಗಮನಿಸು ಅಂದರೆ, ಅದು ಒಂದು ಕಣ್ಣು ತೆರೆದು ಪಕ್ಕದವನ ಕಿವಿಯನ್ನು ಗಮನಿಸುತ್ತದೆ. ಇಂಥ ಸರಕನ್ನು ಪ್ರತಿ ಶನಿವಾರ ಹನ್ನೆರಡು ಮಕ್ಕಳ ಮೂಗಿಗೆ ಹತ್ತಿಸಿ ಇಳಿಸುತ್ತಿದ್ದವರು ಕಂಡಕ್ಟರಜ್ಜಿ.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡಿ ಇಳಿದವರು. ಎಡ ಹೆಗಲು ಬಲ ಹೆಗಲಿಗಿಂತ ಒಂದು ಬೆರಳು ತಗ್ಗು. ಚರ್ಮದ ಚೀಲ ಅಷ್ಟು ಕಾಲ ಜೋತುಬಿದ್ದ ಗುರುತು. ಅಡುಗೆಮನೆಯಲ್ಲಿ ನಿಂತರೂ ಕಾಲು ಅಗಲಿಸಿ, ಒಂದು ಕೈ ಕಪಾಟಿಗೆ ಆನಿಸಿಯೇ ನಿಲ್ಲುತ್ತಿದ್ದರು. ಅಡುಗೆಮನೆ ಯಾವಾಗ ಬ್ರೇಕ್ ಹಾಕುತ್ತದೋ ಯಾರು ಕಂಡಿದ್ದಾರೆ? ತಲೆ ಎಣಿಸುವುದರಲ್ಲಂತೂ ಅವರನ್ನು ಮೀರಿಸಿದವರಿರಲಿಲ್ಲ. ಹಿಂದಿನ ಬಾಗಿಲಿಂದ ಮುಂದಿನ ಬಾಗಿಲವರೆಗೆ ಒಂದು ಸಲ ಕಣ್ಣು ಹಾಯಿಸಿ ಅರವತ್ತೆರಡು ಅಂದರೆ ಅರವತ್ತೆರಡೇ. ಮದುವೆಮನೆಗೆ ಹೋದರೂ ಮೊದಲು ಪಂಕ್ತಿ ಎಣಿಸಿ, ಆಮೇಲೆ ವಧೂವರರ ಮುಖ ನೋಡುತ್ತಿದ್ದರು.

ಕೆಲಸ ಮುಗಿದ ಮೇಲೆ ಚೀಲ ಡಿಪೋದಲ್ಲಿ ಉಳಿಯಿತು. ಚಿಂತೆ ಮಾತ್ರ ಪಾಸು ಮಾಡಿಸಿಕೊಂಡವರ ಹಾಗೆ ಅವರ ಜತೆಗೇ ಮನೆಗೆ ಬಂತು. ಒಲೆ ಆರಿಸಿದೆನಾ, ನಲ್ಲಿ ತಿರುಗಿಸಿದೆನಾ, ಬೀಗ ಹಾಕಿದೆನಾ? "ಗ್ಯಾಸ್ ಬಂದ್ ಆಗಿದೆಯಾ ಅಂತ ನಾಲ್ಕು ಸಲ ನೋಡ್ತಾಳೆ," ಅನ್ನುತ್ತಿದ್ದರು ರೇಡಿಯೋ ರಿಪೇರಿ ಮಾಡುತ್ತಿದ್ದ ಯಜಮಾನರು. "ಐದನೇ ಸಲ ಬಂದು, ನಾನೇನಾದ್ರೂ ಬಂದ್ ಆಗಿದೀನಾ ಅಂತ ಮೂಗಿನ ಹತ್ರ ಕೈಯಿಟ್ಟು ನೋಡ್ತಾಳೆ."

ಎದೆ ಸುಮ್ಮಸುಮ್ಮನೆ ಡವಗುಟ್ಟತೊಡಗಿದಾಗ ಡಾಕ್ಟರ ಹತ್ತಿರ ಹೋದರು. ಹೃದಯ ಚೆನ್ನಾಗಿದೆ, ಅದನ್ನು ಇಟ್ಟುಕೊಂಡವರು ಚೆನ್ನಾಗಿಲ್ಲ, ಉಸಿರಾಟ ಕಲಿಯಿರಿ ಅಂದರು ಡಾಕ್ಟರು. ಕಲಿಸುವವರೊಬ್ಬರು ಸಿಕ್ಕಿದರು, ಹತ್ತಿ ಮೆತ್ತಿದಂಥ ದನಿ. "ನಿಮ್ಮೊಳಗೆ ಒಂದು ನಿಶ್ಚಲ ಸರೋವರ ಇದೆ, ಅಲ್ಲಿಗೆ ಇಳಿಯಿರಿ" ಅಂದರು. ಅಜ್ಜಿ ಮೂರು ವಾರ ಇಳಿದೇ ಇಳಿದರು. ಸರೋವರ ಕಾಣಲಿಲ್ಲ. ಕಂಡದ್ದು ಸಂಜೆ ಆರರ ಬಸ್ಸು: ಒಬ್ಬರ ಮೇಲೊಬ್ಬರು ನಿಂತ ಜನ, ಪಕ್ಕೆಗೆ ತಿವಿಯುವ ಮೊಣಕೈ, ಯಾರದೋ ಅಳುವ ಮಗು. ಹಾಗಾದರೆ ಬಸ್ಸೇ ಇರಲಿ ಬಿಡು ಅಂದುಕೊಂಡರು. ಬಸ್ಸು ನಡೆಸುವುದಾದರೆ ತನಗೆ ಯಾರೂ ಹೇಳಿಕೊಡಬೇಕಿಲ್ಲ.

ಬಲ ಮೂಗು ಮುಂದಿನ ಬಾಗಿಲು, ಎಡ ಮೂಗು ಹಿಂದಿನ ಬಾಗಿಲು. ಹಿಂದಿನದನ್ನು ಬೆರಳಲ್ಲಿ ಮುಚ್ಚಿ ಮುಂದಿನದರಿಂದ ನಿಧಾನವಾಗಿ ಜನರನ್ನು ಹತ್ತಿಸುವುದು. "ಹೋಲ್ಡಾನ್" ಅಂದು ಎರಡೆಣಿಸುವುದು, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಮುಂದಿನದನ್ನು ಮುಚ್ಚಿ ಹಿಂದಿನದರಿಂದ ಒಬ್ಬೊಬ್ಬರನ್ನೇ ಇಳಿಸುವುದು, ನೂಕುನುಗ್ಗಲಿಲ್ಲದೆ. ಹತ್ತು ದಿನದಲ್ಲಿ ಎದೆಯ ಡವಡವ ಅರ್ಧಕ್ಕಿಳಿಯಿತು. ಇದನ್ನು ಮೆಟ್ಟಿಲ ಮೇಲೆ ಕೂತ ಮಕ್ಕಳು ನೋಡಿದರು, ನಮಗೂ ಬಸ್ಸು ಬೇಕು ಅಂದರು. ಅಲ್ಲಿಂದ ಶುರುವಾಯಿತು, ಅವರಿದ್ದ ನಾಲ್ಕು ಮಹಡಿಯ ಕಟ್ಟಡದ ಕೆಳಗಿನ ಹಾಲ್‌ನಲ್ಲಿ, ಶನಿವಾರ ಸಂಜೆ ಐದರಿಂದ ಆರು.

ಅಲ್ಲಿ ಎಲ್ಲ ಆಸನಕ್ಕೂ ಬಸ್ಸಿನ ಹೆಸರು. ಒಂಟಿಕಾಲಿನಲ್ಲಿ ನಿಂತು ಕೈ ಮೇಲೆತ್ತಿದರೆ ಅದು ಕಂಬಿ ಹಿಡಿದ ಪ್ರಯಾಣಿಕ. ಇನ್ನೊಂದು ಕಾಲಿಡಲು ಜಾಗವಿಲ್ಲದ ರಶ್ಶು. ಕಿವಿ ಮುಚ್ಚಿ "ಮ್‌ಮ್‌ಮ್" ಅಂದರೆ ಇಂಜಿನ್ನು. ಅಂಗಾತ ಮಲಗಿ ಹೊಟ್ಟೆಯ ಮೇಲೊಂದು ಬಟ್ಟೆಯ ಗೊಂಬೆ ಕೂರಿಸಿಕೊಂಡರೆ ಹೊಟ್ಟೆಯೇ ಉಬ್ಬುತಗ್ಗಿನ ರಸ್ತೆ. ಗೊಂಬೆ ಬೀಳದಂತೆ ಏರಿಸಿ ಇಳಿಸಬೇಕು. ಬಿದ್ದರೆ ಡ್ರೈವರಿಗೆ ಮೆಮೋ. ಮೆಮೋ ಅಂದರೆ ಏನೆಂದು ಒಂದು ಮಗುವಿಗೂ ಗೊತ್ತಿರಲಿಲ್ಲ. ಆದರೂ ಎಲ್ಲವೂ ಹೆದರುತ್ತಿದ್ದವು.

ಎಲ್ಲಕ್ಕಿಂತ ಬೇಡಿಕೆಯಿದ್ದದ್ದು ಕೊನೆಯ ಆಟಕ್ಕೆ, ಅದರ ಹೆಸರು ಟಿಕೆಟ್ ಇಲ್ಲದವರು. ಅಜ್ಜಿ ತಮ್ಮ ಹಳೇ ಸೀಟಿಯನ್ನು ಒಂದು ಸಲ ಊದಿದರೆ ಮಕ್ಕಳೆಲ್ಲ ಅಡಗಿಕೊಂಡು, ಇರುವೆಗೂ ಕೇಳಿಸದ ಹಾಗೆ ಮೂಗಿನಲ್ಲೇ ನಿಧಾನ ಉಸಿರಾಡಬೇಕು. ಅಜ್ಜಿ ಚೆಕಿಂಗ್ ಇನ್‌ಸ್ಪೆಕ್ಟರಾಗಿ ಕಿವಿಯಿಟ್ಟು ಓಡಾಡುತ್ತಾರೆ. ಯಾರ ಉಸಿರು ಕೇಳಿಸಿತೋ ಅವರು ಸಿಕ್ಕಿಬಿದ್ದರು. ಇನ್‌ಸ್ಪೆಕ್ಟರು ಮಹಾ ಸುಳ್ಳುಬುರುಕ: "ಐಸ್‌ಕ್ರೀಮ್ ಬಂತು" ಅನ್ನುತ್ತಾರೆ, "ನಿಮ್ಮಮ್ಮ ಬಂದ್ರು" ಅನ್ನುತ್ತಾರೆ. ಹಿಂದಿನ ಶನಿವಾರವಂತೂ ಒಬ್ಬಳ ಸ್ವಂತ ಅತ್ತೆಯನ್ನೇ ಕರೆತಂದು ಬಾಗಿಲಲ್ಲಿ ನಿಲ್ಲಿಸಿ, "ಬಾರೇ ಚಿನ್ನಾ" ಅಂತ ಕೂಗಿಸಿ ಮೂವರನ್ನು ಹಿಡಿದಿದ್ದರು. ಯಾರೇ ಕರೆಯಲಿ, ಯಾವುದನ್ನೂ ನಂಬಬಾರದು. ಎರಡು ಸೀಟಿ ಬಿದ್ದ ಮೇಲೆಯೇ ಹೊರಗೆ ಬರಬೇಕು. ಕೊನೆಯವರೆಗೂ ಸಿಗದವರಿಗೆ ಅಜ್ಜಿ ಹಳೇ ಕಟ್ಟಿನಿಂದ ಒಂದು ಟಿಕೆಟ್ ಹರಿದು ತೂತು ಹೊಡೆದು ಕೊಡುತ್ತಿದ್ದರು. ಆ ಟಿಕೆಟ್ಟಿನಲ್ಲಿ ಎಲ್ಲಿಗೂ ಹೋಗಲಾಗುತ್ತಿರಲಿಲ್ಲ. ಆದರೂ ಅದಕ್ಕಾಗಿ ಹಲ್ಲುಬಿದ್ದವಳು ಅಂತ ಹೆಸರಾಗಿದ್ದ ಎಂಟರ ಹುಡುಗಿ ತನ್ನ ಬಣ್ಣದ ಪೆನ್ಸಿಲ್ ಡಬ್ಬಿಯನ್ನೇ ಕೊಡಲು ಸಿದ್ಧಳಿದ್ದಳು.

ಒಂದು ಟಿಕೆಟ್ಟೂ ಸಿಗದೆ ಉಳಿದವಳೆಂದರೆ ಪಿಸು. ಪಿಸುಮಾತಲ್ಲದೆ ಬೇರೆ ದನಿಯಿಲ್ಲದ ಆರು ವರ್ಷದ ಹುಡುಗಿ. ಜೋರು ಸದ್ದಾದರೆ, ಹೊಸಬರು ಮಾತಾಡಿಸಿದರೆ, ಉಸಿರು ಗಂಟಲಲ್ಲೇ ಸಿಕ್ಕಿ ತುಟಿ ಬಿಳುಚಿಕೊಳ್ಳುತ್ತಿತ್ತು. ತಾಯಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮನೆಯಲ್ಲಿ ಇರುವುದು ಅವರಿಬ್ಬರೇ. ಮೊದಲ ದಿನ ಮಗುವನ್ನು ಬಿಡುವಾಗ ತಾಯಿ ಅಜ್ಜಿಯ ಕೈಯನ್ನು ಹಿಡಿದು ಹೇಳಿದ್ದಳು, "ಇವಳನ್ನ ನಾನು ಇದುವರೆಗೂ ಯಾರ ಹತ್ರಾನೂ ಬಿಟ್ಟಿಲ್ಲಮ್ಮ." ಆ ಮಾತು ಅಜ್ಜಿಯ ಎದೆಯಲ್ಲಿ ತೂಕದ ಬಟ್ಟಿನ ಹಾಗೆ ಕೂತಿತ್ತು. ಗ್ಯಾಸಿನ ಗುಂಡಿಯ ಜತೆಗೆ ದಿನಕ್ಕೊಂದು ಸಲ ಅದನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಾಲ್ಕು ತಿಂಗಳಲ್ಲಿ ಪಿಸುವಿನ ಗೊಂಬೆ ಹೊಟ್ಟೆಯ ಮೇಲೆ ಬೀಳದೆ ನಿಲ್ಲುವಷ್ಟಾಯಿತು. ಅಡಗುವ ಆಟದಲ್ಲಿ ಮಾತ್ರ ಮೊದಲು ಸಿಕ್ಕಿಬೀಳುವವಳು ಅವಳೇ. "ಒಂದಿನ ನೀನು ಗೆದ್ದೇ ಗೆಲ್ತೀಯ ಕಣೇ," ಅಂದಿದ್ದರು ಅಜ್ಜಿ.

ಆ ಶನಿವಾರ ಆಟ ಅರ್ಧಕ್ಕೆ ಬಂದಿತ್ತು. ಆರಕ್ಕೆ ಹತ್ತು ನಿಮಿಷವಿದ್ದಾಗ ಕಟ್ಟಡದ ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ಪ್ರತ್ಯಕ್ಷರಾದರು. ಕಟ್ಟಡದ ನಿಯಮಗಳನ್ನು ಬರೆದವರೂ ಅವರೇ, ಓದಿದವರೂ ಅವರೊಬ್ಬರೇ.

"ಕಂಡಕ್ಟರಮ್ಮ, ಇದೇನು ಬಸ್‌ಸ್ಟ್ಯಾಂಡಾ? ಮೊಮ್ಮಗು ಈಗ ತಾನೇ ಮಲಗಿದೆ, ಎರಡು ಗಂಟೆ ತೂಗಿದೀವಿ. ನಿಮ್ಮ ಒಂದು ಸೀಟಿಗೆ ಎದ್ದು ಕೂತ್ಕೊಳ್ತು. ಮತ್ತೆ ಮಲಗಿಸಿ ಬಂದಿದೀನಿ. ಇನ್ನೊಂದು ಸಲ ಊದಿದ್ರೆ ಈ ಹಾಲ್‌ನ ಬೀಗ ಬದಲಾಯಿಸ್ತೀನಿ, ಹೇಳಿದೀನಿ."

"ಇನ್ನೆರಡೇ ಸಲ ಸಾರ್..."

"ಒಂದೇ ಬೇಡ ಅಂದ್ರೆ ಎರಡು ಅಂತೀರಲ್ಲ!"

ಅಜ್ಜಿ ಸೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಚಪ್ಪಾಳೆ ತಟ್ಟಿ, "ಆಟ ಮುಗೀತು, ಬನ್ರೋ ಎಲ್ಲಾ, ನಿಜವಾಗ್ಲೂ ಮುಗೀತು," ಎಂದು ಮೆಲ್ಲಗೆ ಕರೆದರು. ಕುರ್ಚಿಯ ಹಿಂದಿನಿಂದ, ಪರದೆಯ ಮಡಿಕೆಯಿಂದ, ಮೆಟ್ಟಿಲ ಕೆಳಗಿನಿಂದ ಮಕ್ಕಳು ಗೊಣಗುತ್ತ ಬಂದವು. ಕಾರ್ಯದರ್ಶಿ ಬಾಗಿಲಲ್ಲೇ ನಿಂತಿದ್ದರು. ಅಜ್ಜಿಯ ಮುಖ ಬಿಸಿಯಾಗಿತ್ತು. ಅಭ್ಯಾಸದಂತೆ ಒಂದು ಸಲ ಕಣ್ಣು ಹಾಯಿಸಿದರು: ಹನ್ನೆರಡು. ಸರಿ, ಹೊರಡಿ ಅಂದರು.

ಹನ್ನೆರಡು ತಲೆ ಇದ್ದದ್ದು ನಿಜ. ಆದರೆ ಹನ್ನೆರಡನೆಯದು ಹಲ್ಲುಬಿದ್ದವಳ ಚಿಕ್ಕಮ್ಮನ ಮಗಳು. ರಜೆಗೆ ಬಂದವಳು, ಆಟದ ನಡುವೆ ಬಾಗಿಲಿಂದ ನುಸುಳಿ ಪರದೆಯ ಹಿಂದೆ ಸೇರಿಕೊಂಡಿದ್ದಳು. ಮೂವತ್ತೊಂದು ವರ್ಷ ತಪ್ಪದ ಲೆಕ್ಕ ಆ ಸಂಜೆಯೂ ತಪ್ಪಲಿಲ್ಲ. ಮಕ್ಕಳು ಮಾತ್ರ ಅದಲುಬದಲಾಗಿದ್ದವು.

ಪಿಸು ಎಂದಿನಂತೆ ಪಕ್ಕದಲ್ಲಿ ನಿಂತಿಲ್ಲವಲ್ಲ ಅನ್ನುವುದು ಚಾಪೆ ಸುತ್ತುವಾಗ ಒಮ್ಮೆ ಹೊಳೆಯಿತು. ಕೆಲವು ಶನಿವಾರ ತಾಯಿ ಬೇಗ ಬಂದು ಗೇಟಿನಲ್ಲಿ ಕಾಯುತ್ತಿದ್ದಳು, ಮಗು ಓಡಿಹೋಗುತ್ತಿತ್ತು. ಹಾಗೇ ಇರಬೇಕು. ಹಾಗೇ ಇರಬೇಕಲ್ಲವೇ? ಐದನೇ ಚಾಪೆ ಸುತ್ತುವಷ್ಟರಲ್ಲಿ ಎದೆ ಒಂದು ಸಲ ಡವ್ ಅಂದಿತು. ಆರನೆಯದಕ್ಕೆ ಬಾಗಿದಾಗ ಹೊಸ್ತಿಲಲ್ಲಿ ತಾಯಿ ನಿಂತಿದ್ದಳು, ಕೈಯಲ್ಲಿ ಒಂದು ಬ್ರೆಡ್ ಪೊಟ್ಟಣ.

"ಎಲ್ಲಮ್ಮಾ ಇವಳು?"

ಅಜ್ಜಿ ಚಾಪೆ ಬಿಟ್ಟು ಗೇಟಿನ ಕಡೆ ನೋಡಿದರು. ತಾಯಿಯ ಕಣ್ಣು ಕೆಳಗೆ ಹೋಯಿತು. ಬಾಗಿಲ ಪಕ್ಕದಲ್ಲಿ ಒಂದೇ ಒಂದು ಜೊತೆ ಚಪ್ಪಲಿ, ಹಳದಿ ಪಟ್ಟಿಯದು, ಗೋಡೆಗೆ ಸರಿಯಾಗಿ ಒತ್ತಿಸಿಟ್ಟಿತ್ತು.

"ಚಪ್ಪಲಿ ಇಲ್ಲೇ ಇದೆ," ಅಂದಳು ತಾಯಿ. ಬ್ರೆಡ್ ಕೆಳಗೆ ಬಿತ್ತು.

ಆಮೇಲಿನ ಇಪ್ಪತ್ತು ನಿಮಿಷ ಕಟ್ಟಡಕ್ಕೆಲ್ಲ ಕಾಲು ಬಂತು. ಹೊರಟಿದ್ದ ಮಕ್ಕಳು ವಾಪಸು ಬಂದವು, ಬಾಗಿಲುಗಳು ತೆರೆದವು. ಮೆಟ್ಟಿಲ ಕೆಳಗೆ ನೋಡಿದರು, ಲಿಫ್ಟಿನಲ್ಲಿ ನೋಡಿದರು, ಟೆರೇಸಿನ ಬೀಗ ಎಳೆದು ನೋಡಿದರು. ಕಾರ್ಯದರ್ಶಿ ಹಾಲ್‌ನೊಳಗೆ ಹೋಗಿ, "ಮಗೂ, ಹೊರಗೆ ಬಾ, ಚಾಕೊಲೇಟ್ ಕೊಡ್ತೀನಿ," ಎಂದು ಕೂಗಿದರು. ತಾಯಿ ಮಗಳ ಹೆಸರು ಹಿಡಿದು ಕೂಗಿದಳು. ಮೊದಲು ಕರೆಯುವ ದನಿ, ಆಮೇಲೆ ಗದರುವ ದನಿ, ಆಮೇಲೆ ಅದು ಯಾವ ದನಿಯೂ ಆಗಿರಲಿಲ್ಲ.

"ಗೇಟ್ ದಾಟಿ ಹೋಗಿಲ್ಲಮ್ಮ, ನಾನು ಕದಲಿಲ್ಲ," ಅಂದ ವಾಚ್‌ಮನ್. ಅವನು ನಡುವೆ ಒಂದು ಸಲ ಚಹಾ ಕುಡಿಯಲು ಹೋಗಿದ್ದು ಎಲ್ಲರಿಗೂ ಗೊತ್ತಿತ್ತು. ಗೇಟಿನಾಚೆ ದೊಡ್ಡ ರಸ್ತೆ. ಅಷ್ಟರಲ್ಲಿ ಯಾರೋ ಅಂದರು, "ಸಂಪಿನ ಮುಚ್ಚಳ ಹಾಕಿದೆಯಾ?"

ನೆಲದಡಿಯ ನೀರಿನ ತೊಟ್ಟಿ ಕಟ್ಟಡದ ಹಿಂದಿತ್ತು. ಅಜ್ಜಿ ಓಡಿದರು. ಮಂಡಿ ನೋವು, ಅರವತ್ತಮೂರು ವಯಸ್ಸು ಯಾವುದೂ ನೆನಪಾಗಲಿಲ್ಲ. ಕಬ್ಬಿಣದ ಮುಚ್ಚಳ ಮುಚ್ಚಿತ್ತು, ಆದರೆ ಚಿಲಕ ಹಾಕಿರಲಿಲ್ಲ. ಇಬ್ಬರು ಸೇರಿ ಎತ್ತಿದರು. ಕಾರ್ಯದರ್ಶಿ ಟಾರ್ಚ್ ಬಿಟ್ಟರು, ಬೆಳಕು ನೀರಿನ ಮೇಲೆ ನಡುಗಿತು. ನೀರು ಮೊಣಕಾಲುದ್ದ, ತಳ ಕಾಣುತ್ತಿತ್ತು, ಏನೂ ಇರಲಿಲ್ಲ. ಏನೂ ಇಲ್ಲ ಅಂತ ಗೊತ್ತಾದ ಮೇಲೂ ತಾಯಿ ಬಗ್ಗಿ ನೋಡುತ್ತಲೇ ಇದ್ದಳು. ಅಜ್ಜಿ ಅವಳ ತೋಳು ಹಿಡಿದರು. ಅವಳು ಬಿಡಿಸಿಕೊಂಡಳು.

"ಎಣಿಸಿದ್ರಾ ನೀವು?" ಅಂದಳು. "ಹೇಳೀಮ್ಮಾ, ಎಣಿಸಿದ್ರಾ?"

"ಎಣಿಸ್ದೆ ಕಣಮ್ಮಾ. ಹನ್ನೆರಡಿತ್ತು."

"ಹನ್ನೆರಡ್ರಲ್ಲಿ ನನ್ನ ಮಗಳಿದ್ಲಾ?"

ಅಜ್ಜಿಯ ಉಸಿರು ಹೊಟ್ಟೆಗೆ ಇಳಿಯುವುದನ್ನು ಬಿಟ್ಟು ಕುತ್ತಿಗೆಯಲ್ಲೇ ಏರಿಳಿಯತೊಡಗಿತು. ಮಗುವೂ ಈಗ ಎಲ್ಲೋ ಹೀಗೇ ಉಸಿರು ಸಿಕ್ಕಿಕೊಂಡು, ತುಟಿ ಬಿಳುಚಿಕೊಂಡು, ಒಂದು ಕೂಗು ಹಾಕಲೂ ದನಿಯಿಲ್ಲದೆ... ಮುಂದಕ್ಕೆ ಯೋಚಿಸಲಾಗಲಿಲ್ಲ.

"ಅಕ್ಕಪಕ್ಕದ ವಾಚ್‌ಮನ್‌ಗಳನ್ನ ಕರೀರಿ," ಎಂದು ಕಾರ್ಯದರ್ಶಿ ಕೂಗಿದರು. ವಾಚ್‌ಮನ್ ತನ್ನ ಸೀಟಿ ತೆಗೆದು ಒಂದು ಸಲ ಉದ್ದಕ್ಕೆ ಊದಿದ.

ಅಂಗಳದಲ್ಲಿ ಹುಡುಕುತ್ತಿದ್ದ ಮಕ್ಕಳೆಲ್ಲ ಇದ್ದಲ್ಲೇ ನಿಂತುಬಿಟ್ಟವು. ಒಬ್ಬಳು ಒಂದು ಕಾಲು ಮೇಲೆತ್ತಿಕೊಂಡೇ ನಿಂತಳು. ಇನ್ನೊಬ್ಬ ಗಿಡದ ಹಿಂದೆ ಕುಕ್ಕರಿಸಿದ. ಕಣ್ಣಲ್ಲಿ ನೀರಿತ್ತು, ಆದರೂ ಒಂದು ಮಗುವೂ ಅಲ್ಲಾಡಲಿಲ್ಲ, ಒಂದರ ಉಸಿರೂ ಕೇಳಿಸಲಿಲ್ಲ. ವಾಚ್‌ಮನ್ ಹೆದರಿ ಸೀಟಿ ಕೆಳಗಿಳಿಸಿದ.

"ಏನಾಯ್ತು ಈ ಮಕ್ಕಳಿಗೆ?" ಅಂದರು ಕಾರ್ಯದರ್ಶಿ.

ಅಜ್ಜಿ ನೋಡಿದರು. ನಾಲ್ಕು ತಿಂಗಳು ತಾವೇ ಕಲಿಸಿದ ಪಾಠ ಅಂಗಳದ ತುಂಬ ನಿಂತಿತ್ತು. ಒಂದು ಸೀಟಿಗೆ ಅಡಗು, ಎರಡಕ್ಕೆ ಹೊರಗೆ ಬಾ, ನಡುವೆ ಯಾರು ಕರೆದರೂ ನಂಬಬೇಡ. ಐಸ್‌ಕ್ರೀಮ್ ಅಂದರೂ, ಅಮ್ಮ ಬಂದರು ಅಂದರೂ. ಆ ಎರಡು ಸೀಟಿಯನ್ನು ತಾವು ಊದಿಯೇ ಇಲ್ಲ. ಅದು ಸೆರಗಿನ ಗಂಟಿನಲ್ಲಿದೆ.

ಗಂಟು ಬಿಚ್ಚಲು ಬೆರಳು ಬರಲಿಲ್ಲ, ಹಲ್ಲಿನಿಂದ ಎಳೆದರು. ಹಾಲ್‌ಗೆ ಓಡಿ, ಬಾಗಿಲಲ್ಲಿ ನಿಂತು ಸೀಟಿ ಬಾಯಿಗಿಟ್ಟು ಊದಿದರು. ಫುಸ್ ಅಂದಿತು. ಮತ್ತೆ ಊದಿದರು. ಮತ್ತೆ ಫುಸ್. ಎದೆಯ ತುಂಬ ಗಾಳಿಯಿತ್ತು, ಸೀಟಿಗೆ ಕೊಡಲು ಮಾತ್ರ ಒಂದು ಚಿಟಿಕೆಯೂ ಇರಲಿಲ್ಲ. ಮೂವತ್ತೊಂದು ವರ್ಷ ದಿನಕ್ಕೆ ಸಾವಿರ ಸಲ ಊದಿದವರು.

"ಊದಿಮ್ಮಾ!" ಕಾರ್ಯದರ್ಶಿ ಹಿಂದಿನಿಂದ ಅಂಗಲಾಚಿದರು. "ಎಷ್ಟು ಸಲ ಬೇಕಾದ್ರೂ ಊದಿ, ನಿಮ್ಮ ದಮ್ಮಯ್ಯ."

"ಕೊಡಿ, ನಾನು ಊದ್ತೀನಿ," ಎಂದು ತಾಯಿ ಕೈ ಚಾಚಿದಳು.

"ಬೇರೆಯವ್ರು ಊದಿದ್ರೆ ಅಡಗ್ತಾಳೆ, ಹೊರಗೆ ಬರಲ್ಲ ಆಂಟಿ," ಅಂದಳು ಹಲ್ಲುಬಿದ್ದವಳು. "ಅಜ್ಜಿ ಊದೋ ಥರಾನೇ ಬೇರೆ, ಕೊನೇಲಿ ಸೊಟ್ಟ ಆಗತ್ತೆ." ಆಮೇಲೆ ಅಜ್ಜಿಯ ಸೆರಗು ಎಳೆದು, ದೊಡ್ಡವರು ಸಣ್ಣವರಿಗೆ ಹೇಳುವಂತೆ ಹೇಳಿದಳು, "ಅಜ್ಜಿ, ನಿಮ್ಮ ಬಸ್ಸು ಫುಲ್ ಆಗಿದೆ. ಜನ ಇಳೀದೆ ಹತ್ಸೋಕೆ ಹೋಗ್ತಿದೀರ. ಮೊದ್ಲು ಹಿಂದಿನ ಬಾಗಿಲು ತೆಗೀರಿ."

ಆ ಗಳಿಗೆಯಲ್ಲಿ ಬೆರಳಲ್ಲಿ ಮೂಗು ಮುಚ್ಚಿ ನಿಲ್ಲುವುದೆಂದರೆ! ಸುತ್ತ ಇಪ್ಪತ್ತು ಜನ, ಎದುರಿಗೆ ಆ ತಾಯಿ. ಅಜ್ಜಿ ಕಣ್ಣು ಮುಚ್ಚಿದರು. ಮುಂದಿನ ಬಾಗಿಲು ಮುಚ್ಚಿ ಹಿಂದಿನದರಿಂದ ಇಳಿಸಿದರು, ಒಬ್ಬರು, ಇಬ್ಬರು, ಮೂವರು. ಇಳಿಯುವವರು ಮುಗಿಯುವ ಹಾಗೇ ಕಾಣಲಿಲ್ಲ. ಪಕ್ಕದಲ್ಲಿ ಮಕ್ಕಳೂ ಮೂಗು ಹಿಡಿದು ನಿಂತಿದ್ದವು. ಬಸ್ಸು ಖಾಲಿಯಾಯಿತು. ಆಮೇಲೆ ಮುಂದಿನ ಬಾಗಿಲಿಂದ ಮೆಲ್ಲಗೆ ಒಂದು ಉಸಿರು ಹತ್ತಿತು, ಎದೆ ದಾಟಿ ಹೊಟ್ಟೆಯವರೆಗೂ ಹೋಗಿ ಕೂತಿತು.

ಎರಡು ಸೀಟಿ ಊದಿದರು. ಎರಡನೆಯದು ಕೊನೆಯಲ್ಲಿ ಸ್ವಲ್ಪ ಸೊಟ್ಟಗಾಯಿತು.

ಮೂರನೇ ಮಹಡಿಯಲ್ಲಿ ಕಾರ್ಯದರ್ಶಿಯ ಮೊಮ್ಮಗು ಕಿಟಾರನೆ ಅತ್ತಿತು. ಅದರ ಕೂಗಿನಡಿಯಲ್ಲಿ ಇನ್ನೊಂದು ಸದ್ದು ಬಂತು, ಮರದ ಮೇಲೆ ಮರ ಉಜ್ಜಿದ ಹಾಗೆ. ಹಾಲ್‌ನ ತುದಿಯ ವೇದಿಕೆಯ ಕೆಳಗೆ ಮಗು ಹಿಡಿಸೀತೆಂದು ಯಾರಿಗೂ ಹೊಳೆಯದ, ಜಮಖಾನೆ ಇಡುವ ಗೂಡಿಗೆ ಮೊಣಕಾಲೆತ್ತರದ ಬಾಗಿಲಿತ್ತು. ಅದು ಒಂದು ಗೇಣು ಸರಿಯಿತು. ಮೊದಲು ಧೂಳು ಹಿಡಿದ ಕೈ, ಆಮೇಲೆ ಕೂದಲ ತುಂಬ ಜೇಡರಬಲೆಯ ತಲೆ. ಹತ್ತು ಮಾರು ದೂರದಲ್ಲಿ, ಅಷ್ಟು ಹೊತ್ತೂ ಅಲ್ಲೇ.

ಪಿಸು ಜನರನ್ನೆಲ್ಲ ನೋಡಿದಳು. ತುಟಿ ಬಿಳುಚಿರಲಿಲ್ಲ.

"ನಾನು ಗೆದ್ನಾ?" ಅಂದಳು ಪಿಸುದನಿಯಲ್ಲಿ.

ತಾಯಿ ಅವಳನ್ನು ಎತ್ತಿಕೊಂಡ ರೀತಿಗೆ ಮಗು ಮುಲುಗಿತು. "ಕೂಗಿದ್ದು ಕೇಳಿಸ್ಲಿಲ್ವೇನೇ? ಅಮ್ಮ ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು," ಅಂದಳು ಪಿಸು. "ನೀನೂ ಇನ್‌ಸ್ಪೆಕ್ಟರ್ ಕಡೆ ಸೇರ್ಕೊಂಡಿದೀಯ ಅಂದ್ಕೊಂಡೆ. ಎಷ್ಟು ಚೆನ್ನಾಗಿ ಅಳ್ತಿದ್ದೆ ನೀನು." ಆಮೇಲೆ ತಾಯಿಯ ಭುಜದ ಮೇಲಿನಿಂದ ಅಜ್ಜಿಯ ಕಡೆ ತಿರುಗಿ, "ನನ್ನ ಉಸಿರು ಕೇಳಿಸ್ತಾ ಅಜ್ಜಿ?"

"ಇಲ್ಲ ಕಣೇ ತಾಯಿ," ಅಂದರು ಅಜ್ಜಿ. "ಒಂದಿಷ್ಟೂ ಕೇಳಿಸ್ಲಿಲ್ಲ."

ಅಜ್ಜಿ ವೇದಿಕೆಯ ಅಂಚಿನಲ್ಲಿ ಕೂತರು. ಟಿಕೆಟ್ ಕೊಡುವುದೋ ಬೇಡವೋ ತಿಳಿಯಲಿಲ್ಲ. ಈ ಗೆಲುವಿಗೆ ಟಿಕೆಟ್ ಕೊಟ್ಟರೆ ತಾಯಿ ಏನೆಂದುಕೊಂಡಾಳು? ಆದರೆ ಮಗು ಕೈ ಚಾಚಿತ್ತು. ಹರಿದರು. ತೂತು ಅಂಚಿಗೆ ಬಿತ್ತು.

"ತಪ್ಪು ನಂದೇ ಕಣಮ್ಮಾ," ಅಂದರು ತಾಯಿಗೆ. "ಮುಂದಿನ ವಾರ ನೀವು ಇವಳನ್ನ ಕಳಿಸ್ಬೇಡಿ. ನಾನು ಏನೂ ಅಂದ್ಕೊಳ್ಳಲ್ಲ."

ತಾಯಿ ಸೆರಗಿನಿಂದ ಮಗುವಿನ ತಲೆಯ ಜೇಡರಬಲೆ ತೆಗೆಯುತ್ತಿದ್ದಳು. ಬಹಳ ಹೊತ್ತು ತೆಗೆದಳು. ಕತ್ತಲ ಗೂಡಿನಲ್ಲಿ, ಅಷ್ಟು ಕೂಗಾಟದ ನಡುವೆ ಕೂತಿದ್ದ ಮಗು ನೆಟ್ಟಗೆ ಉಸಿರಾಡುತ್ತಿತ್ತು. ಅದನ್ನು ಅವಳು ಅಂಗೈಯಲ್ಲಿ ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಕೊನೆಗೆ ಹಳದಿ ಪಟ್ಟಿಯ ಚಪ್ಪಲಿ ಎತ್ತಿಕೊಂಡು, ಹೊಸ್ತಿಲಲ್ಲಿ ನಿಂತು, ಅಜ್ಜಿಯ ಮುಖ ನೋಡದೆಯೇ ಹೇಳಿದಳು.

"ಇನ್ಮೇಲೆ ತಲೆ ಎಣಿಸ್ಬೇಡಿ. ಒಬ್ಬೊಬ್ಬರ ಮುಖ ನೋಡಿ, ಹೆಸರು ಹಿಡಿದು ಕರೀರಿ."

ಕರೆಯುವುದಾದರೆ ಮುಂದಿನ ಶನಿವಾರವೂ ಆ ಹೆಸರು ಇರುತ್ತದೆ ಅಂತ ಆಯಿತಲ್ಲ. ಅಜ್ಜಿ ಅದನ್ನು ಗಟ್ಟಿಯಾಗಿ ಕೇಳಲು ಹೋಗಲಿಲ್ಲ. ಇಂಥ ಮಾತನ್ನು ಎರಡನೇ ಸಲ ಕೇಳಿದರೆ ಎದುರಿನವರು ಹಿಂದಕ್ಕೆ ತೆಗೆದುಕೊಂಡುಬಿಡುತ್ತಾರೆ.

ಎಲ್ಲರೂ ಹೋದ ಮೇಲೆ ಉಳಿದ ಚಾಪೆ ಸುತ್ತಿದರು. ವೇದಿಕೆಯ ಗೂಡನ್ನು ತೆರೆದು ನೋಡಿದರು. ಯಾರೂ ಇರಲಿಲ್ಲ. ದೀಪ ಆರಿಸಿ ಬಾಗಿಲವರೆಗೆ ಬಂದವರು ತಿರುಗಿ ಹೋಗಿ ಇನ್ನೊಂದು ಸಲ ನೋಡಿದರು. ಮೂರನೇ ಸಲ ಹೋದಾಗ, ಕರೆದೊಯ್ಯಲು ಬಂದಿದ್ದ ಯಜಮಾನರು ಹೊರಗಿನಿಂದ, "ಅಲ್ಲಿ ಗ್ಯಾಸ್ ಇಲ್ಲ ಕಣೇ," ಅಂದರು. ಅಜ್ಜಿ ಕತ್ತಲ ಗೂಡಿನೊಳಗೆ ತಲೆ ಹಾಕಿ ಎರಡು ಸೀಟಿ ಊದಿದರು, ಮೆಲ್ಲಗೆ, ಮೂರನೇ ಮಹಡಿಯ ಮಗು ಏಳದಷ್ಟು. ಸ್ವಲ್ಪ ಹೊತ್ತು ಕಾದರು. ಆಮೇಲೆ ಬೀಗ ಹಾಕಿದರು.